ಎದುರಿಗಿರುವುದು ಸರ್ಕಾರಿ ಕಂಪನಿಯೇ? ಸ್ಪರ್ಧಾ ಆಯೋಗಕ್ಕೆ ದೂರು ಕೊಡುವುದು ಹೀಗೆ

‘ಅದು ಸರ್ಕಾರದ್ದು, ಅವರ ಮೇಲೆ ಯಾರು ಕೇಸ್ ಹಾಕ್ತಾರೆ ಬಿಡಿ.’ ದಾವಣಗೆರೆಯ ಎಪಿಎಂಸಿ ಯಾರ್ಡಿನಿಂದ ಚಳ್ಳಕೆರೆಯ ಎಣ್ಣೆ ಮಿಲ್ಲುಗಳವರೆಗೆ ಈ ಮಾತು ಚಾಲ್ತಿಯಲ್ಲಿದೆ. ಖಾಸಗಿ ಕಂಪನಿ ಏಕಪಕ್ಷೀಯ ಷರತ್ತು ಹೇರಿದರೆ ವಕೀಲರನ್ನು ಹುಡುಕುವವರೇ, ಅದೇ ಷರತ್ತು ಸಾರ್ವಜನಿಕ ವಲಯದ ಕಂಪನಿಯಿಂದ ಬಂದರೆ ಸಹಿ ಹಾಕಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. 2002ರ ಸ್ಪರ್ಧಾ ಕಾಯ್ದೆ ಇಬ್ಬರಿಗೂ ಅನ್ವಯಿಸುತ್ತದೆ. ಅದನ್ನು ಜಾರಿ ಮಾಡುವುದು ಭಾರತೀಯ ಸ್ಪರ್ಧಾ ಆಯೋಗ. ಕೇಂದ್ರ ಸರ್ಕಾರದ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾ ತಾನು ರಾಷ್ಟ್ರೀಕರಣ ಕಾಯ್ದೆಯಡಿ ಸಾರ್ವಜನಿಕ ಹಿತಕ್ಕಾಗಿ ನಡೆಯುವ ಸಂಸ್ಥೆ, ಈ ಕಾಯ್ದೆ ತನಗಿಲ್ಲ ಎಂದು ವಾದಿಸಿತ್ತು. 2023ರ ಜೂನ್ 15ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಆ ಪ್ರಕರಣದಲ್ಲಿ ದೂರು ಕೊಟ್ಟವರ ಪೈಕಿ ಮಹಾರಾಷ್ಟ್ರ ಸರ್ಕಾರದ್ದೇ ವಿದ್ಯುತ್ ಉತ್ಪಾದನಾ ಕಂಪನಿಯೂ ಇತ್ತು.

ಮೊದಲು ನೋಡಬೇಕಾದದ್ದು ಮಾಲೀಕರು ಯಾರು ಎಂಬುದನ್ನಲ್ಲ, ಮಾಡುತ್ತಿರುವ ಕೆಲಸ ಎಂಥದ್ದು ಎಂಬುದನ್ನು. ಕಾಯ್ದೆಯ ಸೆಕ್ಷನ್ 2(ಎಚ್) ಸರ್ಕಾರಿ ಇಲಾಖೆಯನ್ನೂ ‘ಉದ್ಯಮ’ ಎಂದೇ ಎಣಿಸುತ್ತದೆ. ಸಾರ್ವಭೌಮ ಕಾರ್ಯಗಳು ಮಾತ್ರ ಹೊರಗೆ. ಕೇಂದ್ರ ಇಲಾಖೆಗಳ ಅಣುಶಕ್ತಿ, ಕರೆನ್ಸಿ, ರಕ್ಷಣೆ, ಬಾಹ್ಯಾಕಾಶ ಚಟುವಟಿಕೆಗಳೂ ಅದರಲ್ಲೇ ಸೇರಿವೆ. ಚಳ್ಳಕೆರೆ ಕಾವಲುಗಳಲ್ಲಿ ಡಿಆರ್‌ಡಿಒ ನಡೆಸುವ ವಿಮಾನ ಪರೀಕ್ಷೆ ಈ ರಕ್ಷಣೆಯೊಳಗೆ ಬರುತ್ತದೆ. ಬಸ್ ಓಡಿಸುವುದು, ವಿದ್ಯುತ್ ಮಾರುವುದು, ಕಲ್ಲಿದ್ದಲು ಪೂರೈಸುವುದು ಬರುವುದಿಲ್ಲ.

ಮುಂದಿನದು ಆರೋಪದ ಆಯ್ಕೆ. ಹೆಚ್ಚಿನ ದೂರುಗಳು ಹಾಳಾಗುವುದು ಇಲ್ಲೇ. ಸೆಕ್ಷನ್ 3 ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಮಾಡಿಕೊಳ್ಳುವ ಒಪ್ಪಂದಕ್ಕೆ, ಸೆಕ್ಷನ್ 4 ಒಬ್ಬರೇ ಮಾಡುವ ಪ್ರಾಬಲ್ಯದ ದುರ್ಬಳಕೆಗೆ. ಖಾಸಗಿಯವರು ಒಳಗೊಳಗೇ ದರ ನಿಗದಿ ಮಾಡಿಕೊಂಡಿದ್ದರೆ ಸೆಕ್ಷನ್ 3. ಟೆಂಡರ್ ಕಡತವನ್ನು ಬಿಚ್ಚಿ ಮೂರು ಬಿಡ್‌ಗಳನ್ನು ಪಕ್ಕಪಕ್ಕ ಇಡಿ: ಒಂದೇ ಕಾಗುಣಿತ ತಪ್ಪು ಮೂರರಲ್ಲೂ ಇದೆಯೇ, ಡಿಡಿಗಳು ಒಂದೇ ಶಾಖೆಯಿಂದ ಕ್ರಮಸಂಖ್ಯೆಯಲ್ಲಿ ಬಂದಿವೆಯೇ, ಆನ್‌ಲೈನ್ ಬಿಡ್ ಒಂದೇ ಐಪಿ ವಿಳಾಸದಿಂದ ಹೋಗಿದೆಯೇ? ದರ ಒಂದೇ ಇದೆ ಎಂಬುದೊಂದೇ ಸಾಲದು. ಸಾಮಾನು ಒಂದೇ ಆದಾಗ ದರ ತಾನಾಗಿಯೂ ಹತ್ತಿರ ಬರುತ್ತದೆ.

ಸರ್ಕಾರಿ ಕಂಪನಿಗಳು ಸೇರಿ ಮಾಡಿದರೂ ಸೆಕ್ಷನ್ 3 ಅನ್ವಯಿಸುತ್ತದೆ. ಕೇರಳದ ಆರೋಗ್ಯ ವಿಮೆ ಟೆಂಡರಿನಲ್ಲಿ ನಾಲ್ಕು ಸಾರ್ವಜನಿಕ ವಿಮಾ ಕಂಪನಿಗಳಿಗೆ 2015ರಲ್ಲಿ ಆಯೋಗ ಸುಮಾರು 671 ಕೋಟಿ ರೂಪಾಯಿ ದಂಡ ಹಾಕಿತು. 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಬಹಳಷ್ಟು ಇಳಿಸಿತು, ಆದರೆ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ನಾಲ್ಕೂ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ಒಂದೇ ಆರ್ಥಿಕ ಘಟಕ, ತಮ್ಮೊಳಗೆ ತಾವೇ ಒಪ್ಪಂದ ಹೇಗೆ ಎಂಬ ಕಂಪನಿಗಳ ವಾದ ನಿಲ್ಲಲಿಲ್ಲ. ಇಲ್ಲೂ ಖಾಸಗಿ ಮತ್ತು ಸರ್ಕಾರಿ ಕಂಪನಿಗಳ ನಡುವೆ ವ್ಯತ್ಯಾಸವಿಲ್ಲ. ಆದ್ದರಿಂದ ಒಂದೇ ಸರ್ಕಾರದ ಸೋದರ ಕಂಪನಿಗಳು ಎಂಬ ಕಾರಣಕ್ಕೆ ಕಾರ್ಟೆಲ್ (ಒಳಒಪ್ಪಂದದ ಕೂಟ) ಆರೋಪವನ್ನು ಕೈಬಿಡಬೇಡಿ.

ಸೆಕ್ಷನ್ 4 ಹಿಡಿದರೆ ಮಾರುಕಟ್ಟೆಯ ಎಲ್ಲೆ ಹಾಕಬೇಕು. ‘ದಾವಣಗೆರೆಯಲ್ಲಿ ಅವರೊಬ್ಬರೇ’ ಎಂದರೆ ಆಗದು. ಅದೇ ಸರಕು ಶಿವಮೊಗ್ಗ, ಹುಬ್ಬಳ್ಳಿಯಿಂದ ಕೈಗೆಟುಕುವ ಸಾಗಣೆ ವೆಚ್ಚದಲ್ಲಿ ಬರುವುದಾದರೆ ಎಲ್ಲೆ ಅಲ್ಲಿಗೂ ಚಾಚುತ್ತದೆ, ಪ್ರಾಬಲ್ಯ ಕರಗುತ್ತದೆ. ಆ ಊರುಗಳ ದರಪಟ್ಟಿ, ಲಾರಿ ಬಾಡಿಗೆ ರಸೀದಿ ಜೊತೆಗಿರಲಿ. ಸರ್ಕಾರಿ ಕಂಪನಿಗೆ ಕಾನೂನಿನಿಂದಲೇ ಏಕಸ್ವಾಮ್ಯ ಬಂದಿದ್ದರೆ ಅದನ್ನೂ ಪ್ರಾಬಲ್ಯದ ಲೆಕ್ಕಕ್ಕೆ ಹಿಡಿಯಬಹುದು, ಸೆಕ್ಷನ್ 19(4) ಹಾಗೆಂದು ಬಿಡಿಸಿಯೇ ಹೇಳಿದೆ. ಆದರೆ ದೊಡ್ಡದಾಗಿರುವುದು ತಪ್ಪಲ್ಲ, ದುರ್ಬಳಕೆಯನ್ನು ತೋರಿಸಬೇಕು. ಒಪ್ಪಂದ ಪತ್ರದಲ್ಲಿ ಗುಣಮಟ್ಟ ಪರೀಕ್ಷೆ, ತೂಕದ ಕಡಿತ, ಠೇವಣಿ ಮುಟ್ಟುಗೋಲು, ರದ್ದತಿ ಈ ನಾಲ್ಕು ಕಲಮುಗಳಿಗೆ ಗುರುತು ಹಾಕಿ. ಕೋಲ್ ಇಂಡಿಯಾ ಸಿಕ್ಕಿಬಿದ್ದದ್ದು ಇಂಥ ಕಲಮುಗಳಲ್ಲೇ.

ಕದ ತಟ್ಟುವ ಮುನ್ನ ಕದ ಸರಿಯೇ ನೋಡಿ. ವಿದ್ಯುತ್ ದರದ ತಕರಾರು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಮುಂದೆ ಹೋಗಬೇಕು. ವಲಯಕ್ಕೇ ನಿಯಂತ್ರಕರಿದ್ದಲ್ಲಿ ಮೊದಲು ಅವರು ತೀರ್ಮಾನಿಸಲಿ ಎಂದು 2018ರಲ್ಲಿ ಟೆಲಿಕಾಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲಾಖೆ ನಿಮ್ಮ ಟೆಂಡರನ್ನು ಅನ್ಯಾಯವಾಗಿ ತಿರಸ್ಕರಿಸಿದ್ದರೆ ಅದು ಸರ್ಕಾರಿ ಖರೀದಿಯ ಪಾರದರ್ಶಕತೆಗಾಗಿ ಇರುವ 1999ರ ಕೆಟಿಪಿಪಿ ಕಾಯ್ದೆಯ ಮೇಲ್ಮನವಿ, ಗಡುವು 30 ದಿನ.

ಸ್ಪರ್ಧಾ ಆಯೋಗಕ್ಕೆ ಮಾಹಿತಿ (ದೂರಿಗೆ ಕಾಯ್ದೆ ಬಳಸುವ ಹೆಸರು) ಸಲ್ಲಿಸಲು ಯಾರು ಬೇಕಾದರೂ ಅರ್ಹರು. ಸ್ವತಃ ನಷ್ಟವಾಗಿರಬೇಕೆಂದಿಲ್ಲ ಎಂದು 2020ರಲ್ಲೇ ಇತ್ಯರ್ಥವಾಗಿದೆ. ಘಟನೆಯಿಂದ ಮೂರು ವರ್ಷದೊಳಗೆ ಸಲ್ಲಿಸಬೇಕು, ತಡವಾದರೆ ಕಾರಣ ಒಪ್ಪಿಸಬೇಕು. ಶುಲ್ಕ ವ್ಯಕ್ತಿಗೆ ಒಂದು ಮೊತ್ತ, ಕಂಪನಿಗೆ ಬೇರೊಂದು. ನಾಳೆಯೂ ಅದೇ ಕಂಪನಿಯಿಂದ ಸರಕು ಕೊಳ್ಳಬೇಕಾದವರು ಹೆಸರು ಗೋಪ್ಯವಾಗಿಡುವಂತೆ ದೂರಿನ ಜೊತೆಯಲ್ಲೇ ಕೋರಿಕೆ ಹಾಕಲಿ.

ಮೇಲ್ನೋಟಕ್ಕೆ ಹುರುಳಿದ್ದರೆ ಸೆಕ್ಷನ್ 26(1)ರಡಿ ಆಯೋಗದ ತನಿಖಾಧಿಕಾರಿಯಾದ ಮಹಾನಿರ್ದೇಶಕರ ತನಿಖೆ. ಇಲ್ಲವೆಂದು ಮುಚ್ಚಿದರೆ 60 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ (ಎನ್‌ಸಿಎಲ್‌ಎಟಿ) ಮೇಲ್ಮನವಿ. ದಂಡದ ಸೂತ್ರ ಇಬ್ಬರಿಗೂ ಒಂದೇ: ಹಿಂದಿನ ಮೂರು ವರ್ಷದ ಸರಾಸರಿ ವಹಿವಾಟಿನ ಶೇ 10ರವರೆಗೆ. ಕೋಲ್ ಇಂಡಿಯಾಗೆ 2013ರಲ್ಲಿ ಬಿದ್ದ 1,773.05 ಕೋಟಿ ರೂಪಾಯಿ, ಮರುವಿಚಾರಣೆ ನಂತರ 2017ರಲ್ಲಿ 591.01 ಕೋಟಿಗೆ ಇಳಿಯಿತು. ಸರ್ಕಾರಿ ಕಂಪನಿ ಕಟ್ಟುವ ದಂಡ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣ. ಹಾಗಾಗಿ ಅಂಥ ದೂರಿನಲ್ಲಿ ದಂಡಕ್ಕಿಂತ ಒಪ್ಪಂದದ ಕಲಮು ಬದಲಿಸುವ ಆದೇಶವನ್ನೇ ಒತ್ತಿ ಕೇಳುವುದು ಲೇಸು. ಸೆಕ್ಷನ್ 27 ಅದಕ್ಕೆ ಅಧಿಕಾರ ಕೊಟ್ಟಿದೆ. ನಿಮ್ಮ ಕೈಬಿಟ್ಟ ಹಣಕ್ಕೆ ದಾರಿ ಬೇರೆ: ತಪ್ಪು ಸಾಬೀತಾದ ಮೇಲೆ ಸೆಕ್ಷನ್ 53ಎನ್ ಪ್ರಕಾರ ಎನ್‌ಸಿಎಲ್‌ಎಟಿ ಮುಂದೆ ಪರಿಹಾರದ ಅರ್ಜಿ. ಅಲ್ಲಿಯವರೆಗೆ ಬಿಲ್ಲು, ತೂಕದ ಚೀಟಿ, ಲೆಡ್ಜರ್ ಯಾವುದನ್ನೂ ರದ್ದಿಗೆ ಹಾಕಬೇಡಿ.