ಓಲಾಂಡ್ ದಾರಿಯ ಹಡಗಿನಲ್ಲಿ ತೆರಿಗೆಯಿಲ್ಲದ ಮದ್ಯ, ತಂಬಾಕು: ನನ್ನ ಅನುಭವ

ಸ್ಟಾಕ್‌ಹೋಮಿನಿಂದ ಸಂಜೆ ಹೊರಟು ಮರುದಿನ ಬೆಳಿಗ್ಗೆ ಫಿನ್‌ಲೆಂಡಿನ ಹೆಲ್ಸಿಂಕಿ ಸೇರುವ ದೊಡ್ಡ ಹಡಗುಗಳು ನಡುರಾತ್ರಿಯ ಹೊತ್ತಿಗೆ ಓಲಾಂಡ್ ದ್ವೀಪಗಳ ಮಾರಿಯೆಹಾಮ್ನ್ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಅಲ್ಲಿ ಇಳಿಯುವವರು, ಹತ್ತುವವರು ಕೆಲವೇ ಮಂದಿ. ಹೆಚ್ಚಿನ ಪ್ರಯಾಣಿಕರು ಆ ವೇಳೆಗೆ ನಿದ್ದೆಯಲ್ಲಿರುತ್ತಾರೆ ಇಲ್ಲವೇ ನೃತ್ಯದ ಸಭಾಂಗಣದಲ್ಲಿರುತ್ತಾರೆ. ಆದರೆ ಹಡಗಿನ ಅಂಗಡಿಯಲ್ಲಿ ಮದ್ಯ ಮತ್ತು ತಂಬಾಕು ತೆರಿಗೆಯಿಲ್ಲದೆ ಸಿಗುವುದು ಈ ಪುಟ್ಟ ನಿಲುಗಡೆಯ ದೆಸೆಯಿಂದಲೇ. ಐರೋಪ್ಯ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವವರಿಗೆ ಇದ್ದ ಡ್ಯೂಟಿ ಫ್ರೀ ಮಾರಾಟವು 1999ರ ಜುಲೈ 1ರಂದು ರದ್ದಾಯಿತು. ಸ್ವೀಡನ್ ಮತ್ತು ಫಿನ್‌ಲೆಂಡ್ ಎರಡೂ 1995ರಲ್ಲಿ ಒಕ್ಕೂಟವನ್ನು ಸೇರಿದ್ದವಾದರೂ, ಫಿನ್‌ಲೆಂಡಿಗೆ ಸೇರಿದ, ಸ್ವೀಡಿಷ್ ಮಾತನಾಡುವ, ಸ್ವಾಯತ್ತ ಆಡಳಿತವುಳ್ಳ ಓಲಾಂಡನ್ನು ಸೇರ್ಪಡೆಯ ಒಪ್ಪಂದದಲ್ಲೇ ಒಕ್ಕೂಟದ ತೆರಿಗೆ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಹೀಗಾಗಿ ಓಲಾಂಡನ್ನು ಮುಟ್ಟಿ ಹೋಗುವ ಹಡಗಿಗೆ ತೆರಿಗೆಯಿಲ್ಲದೆ ಮಾರುವ ಹಕ್ಕು ಉಳಿಯಿತು.

ಸ್ಟಾಕ್‌ಹೋಮಿನಲ್ಲಿ ಸಂಸಾರ ಹೂಡಿರುವ ನನಗೆ ಈ ಹಡಗು ಪ್ರವಾಸದ ವಾಹನವೂ ಹೌದು, ವರ್ಷಕ್ಕೆ ಬೇಕಾದ ಒಂದೆರಡು ಬಾಟಲಿ ತರುವ ಅಂಗಡಿಯೂ ಹೌದು. ಸ್ವೀಡನ್‌ನಲ್ಲಿ 3.5 ಪ್ರತಿಶತಕ್ಕಿಂತ ಹೆಚ್ಚು ಮದ್ಯಸಾರವಿರುವ ಯಾವ ಪಾನೀಯವನ್ನೂ ಸಾಮಾನ್ಯ ದಿನಸಿ ಅಂಗಡಿಗಳು ಮಾರುವಂತಿಲ್ಲ. ಅದು ಸರ್ಕಾರಿ ಸ್ವಾಮ್ಯದ ಸಿಸ್ಟೆಮ್‌ಬೊಲಾಗೆಟ್ ಮಳಿಗೆಯಲ್ಲೇ ಹೆಚ್ಚಾಗಿ ಸಿಗುವುದು. ಆ ಮಳಿಗೆ ಶನಿವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸೋಮವಾರ. ಬೆಲೆ ಮಾತ್ರ ದೇಶದ ಎಲ್ಲ ಮಳಿಗೆಗಳಲ್ಲೂ ಒಂದೇ, ಮತ್ತು ಅದು ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. ಹಡಗು ಹತ್ತುವ ಮೊದಲು ನಾನು ಮಾಡುವ ಮೊದಲ ಕೆಲಸವೆಂದರೆ ನನಗೆ ಬೇಕಾದ ನಾಲ್ಕಾರು ಪದಾರ್ಥಗಳ ಬೆಲೆಯನ್ನು ಅಲ್ಲಿಂದ ಲೀಟರಿನ ಲೆಕ್ಕದಲ್ಲಿ ಬರೆದುಕೊಳ್ಳುವುದು. ಊರಿನ ಮಳಿಗೆಯ ಬಾಟಲಿ ಸಾಮಾನ್ಯವಾಗಿ 700 ಮಿಲಿಲೀಟರಿನದು, ಹಡಗಿನಲ್ಲಿ ಒಂದು ಲೀಟರಿನದು ಹೆಚ್ಚು. ಬಾಟಲಿಗೆ ಬಾಟಲಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಮಿತಿಯ ವಿಷಯ. ಓಲಾಂಡ್ ಮಾರ್ಗದಿಂದ ಸ್ವೀಡನ್‌ಗೆ ಬರುವವರನ್ನು ಒಕ್ಕೂಟದ ಹೊರಗಿನಿಂದ ಬಂದವರಂತೆಯೇ ಎಣಿಸುತ್ತಾರೆ. 22 ಪ್ರತಿಶತಕ್ಕಿಂತ ಕಡಕ್ ಆದ ಮದ್ಯ ತಲೆಗೆ ಒಂದು ಲೀಟರ್, ಅಥವಾ ಅದರ ಬದಲು 22 ಪ್ರತಿಶತದವರೆಗಿನ ಲಿಕ್ಯೂರ್ (ಸಿಹಿ ಮದ್ಯ), ಪೋರ್ಟ್ ವೈನ್ ಮುಂತಾದುವು ಎರಡು ಲೀಟರ್. ಇದರ ಜೊತೆಗೆ ಸಾದಾ ವೈನ್ ನಾಲ್ಕು ಲೀಟರ್ ಮತ್ತು ಬಿಯರ್ ಹದಿನಾರು ಲೀಟರ್. ಮದ್ಯ ತರುವವರಿಗೆ 20 ವರ್ಷ ತುಂಬಿರಬೇಕು, ಆದ್ದರಿಂದ ಇಬ್ಬರು ಮಕ್ಕಳೊಂದಿಗೆ ಹೋಗುವ ನಮ್ಮ ಮನೆಯವರಿಗೆ ನಾಲ್ಕು ಟಿಕೆಟ್ ಇದ್ದರೂ ಪಾಲು ಎರಡೇ. ಮೊದಲ ಎರಡು ಬಗೆಗಳನ್ನು ಅರ್ಧರ್ಧ ಬೆರೆಸಿಕೊಳ್ಳಲು ಅವಕಾಶವಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅರ್ಧ ಲೀಟರಿನ ಒಂದು ವೋಡ್ಕಾ ಬಾಟಲಿಯ ಜೊತೆಗೆ 17 ಪ್ರತಿಶತದ ಬೇಲೀಸ್ ಲಿಕ್ಯೂರ್ ಒಂದು ಲೀಟರ್ ತಂದರೆ ಒಬ್ಬರ ಪಾಲು ಸರಿಯಾಗಿ ಮುಗಿಯುತ್ತದೆ. ನನ್ನ ಹೆಂಡತಿ ತನ್ನ ಪಾಲನ್ನು ಬಳಸುವುದು ಹೀಗೆಯೇ.

ಅಂಗಡಿಯ ಒಳಗೆ ಕಾಲಿಟ್ಟಾಗ ಕಣ್ಣಿಗೆ ಮೊದಲು ಬೀಳುವುದು ಆಳೆತ್ತರಕ್ಕೆ ಪೇರಿಸಿದ ಬಿಯರ್ ಪೆಟ್ಟಿಗೆಗಳು. 330 ಮಿಲಿಲೀಟರಿನ 24 ಡಬ್ಬಿಗಳ ಎರಡು ಪೆಟ್ಟಿಗೆ ಕೊಂಡರೆ 15.84 ಲೀಟರ್ ಆಗುತ್ತದೆ. ಹದಿನಾರು ಲೀಟರಿನ ಮಿತಿಗೆ ಇಷ್ಟು ಹತ್ತಿರ ಬರುವುದರಿಂದ ಎರಡೆರಡು ಪೆಟ್ಟಿಗೆ ಹೊರುವುದೇ ಇಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು, ಏಕೆಂದರೆ ಉಳಿತಾಯ ಎಲ್ಲಿದೆ ಎಂಬುದನ್ನು ಸ್ವೀಡನ್ನಿನ ತೆರಿಗೆಯ ರಚನೆಯೇ ಹೇಳುತ್ತದೆ. ವಿಸ್ಕಿ, ವೋಡ್ಕಾದಂತಹ ಹಾಟ್ ಡ್ರಿಂಕ್ಸ್ ಮೇಲಿನ ಅಬಕಾರಿ ತೆರಿಗೆಯು ಅದರಲ್ಲಿರುವ ಶುದ್ಧ ಮದ್ಯಸಾರದ ಪ್ರತಿ ಲೀಟರಿಗೆ 500 ಕ್ರೋನಾಕ್ಕಿಂತ (ಕ್ರೋನಾ ಸ್ವೀಡನ್ನಿನ ನಾಣ್ಯ) ಹೆಚ್ಚು. 40 ಪ್ರತಿಶತದ ಒಂದು ಲೀಟರ್ ಬಾಟಲಿಯಲ್ಲಿ ಅದು 200 ಕ್ರೋನಾ ಮೀರುತ್ತದೆ. ಅದರ ಮೇಲೆ 25 ಪ್ರತಿಶತ ವ್ಯಾಟ್ ಬಿದ್ದಾಗ 250 ದಾಟುತ್ತದೆ. ಬಿಯರಿಗೆ ತೆರಿಗೆ ಲೀಟರಿಗೆ, ಪ್ರತಿಯೊಂದು ಪ್ರತಿಶತ ಮದ್ಯಸಾರಕ್ಕೆ ಸುಮಾರು ಎರಡು ಕ್ರೋನಾ ಮಾತ್ರ. 5 ಪ್ರತಿಶತದ ಬಿಯರ್ ಎರಡು ಪೆಟ್ಟಿಗೆ ಹೊತ್ತರೆ ಅಬಕಾರಿ ತೆರಿಗೆ ಮತ್ತು ಅದರ ಮೇಲಿನ ವ್ಯಾಟ್ ಸೇರಿ ಉಳಿಯುವುದು ಸುಮಾರು 200 ಕ್ರೋನಾ. ಎಂದರೆ ಹದಿನಾರು ಕಿಲೋಗೂ ಮೀರಿದ ಭಾರವನ್ನು ಮೆಟ್ರೋ ನಿಲ್ದಾಣದವರೆಗೆ ಎಳೆದು ತಂದರೂ ಆ ತೆರಿಗೆಯ ಉಳಿತಾಯ ಚೀಲದ ಮೂಲೆಯಲ್ಲಿ ಕೂರುವ ಒಂದು ವಿಸ್ಕಿ ಬಾಟಲಿಯದನ್ನು ಮುಟ್ಟುವುದಿಲ್ಲ. ಕಾರಿನಲ್ಲಿ ಬರುವವರು ಬಿಯರ್ ಕೊಳ್ಳಲಿ, ನನ್ನ ಆಕ್ಷೇಪವಿಲ್ಲ.

ವೈನಿನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಅಬಕಾರಿ ತೆರಿಗೆ ಲೀಟರಿಗೆ 30 ಕ್ರೋನಾದ ಆಸುಪಾಸಿನಲ್ಲಿದ್ದು, ಅದು ಬಾಟಲಿಯ ಬೆಲೆಯನ್ನು ನೋಡುವುದಿಲ್ಲ. ಅಗ್ಗದ ವೈನಿಗೂ ದುಬಾರಿ ವೈನಿಗೂ ಒಂದೇ. ಆದ್ದರಿಂದ ಮೂರು ಲೀಟರಿನ ರಟ್ಟಿನ ಪೆಟ್ಟಿಗೆಯ ವೈನಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಒಳ್ಳೆಯ ಬಾಟಲಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಿಸ್ಟೆಮ್‌ಬೊಲಾಗೆಟ್ ತನ್ನ ಲಾಭಾಂಶವನ್ನು ನಿಗದಿತ ಸೂತ್ರದಿಂದಲೇ ಸೇರಿಸುವ ಕಾರಣ, ದುಬಾರಿ ವೈನುಗಳ ಬೆಲೆ ಊರಿನಲ್ಲೇ ನ್ಯಾಯವಾಗಿರುತ್ತದೆ, ಆಯ್ಕೆಯೂ ಹೆಚ್ಚು. ಹಡಗಿನಲ್ಲಿ ಚೆಂದದ ಮರದ ಪೆಟ್ಟಿಗೆಯಲ್ಲಿಟ್ಟ ವೈನನ್ನು ನಾನು ನೋಡಿ ಮುಂದೆ ಹೋಗುತ್ತೇನೆ. ಚಾಕೊಲೇಟಿನ ಮಾತನ್ನು ಮಕ್ಕಳ ತಾಯಿಗೆ ಬಿಟ್ಟಿದ್ದೇನೆ.

ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಹೆಂಡತಿಯ ಅಣ್ಣನನ್ನು ಕರೆದುಕೊಂಡು ಹೋದ ಪ್ರವಾಸವನ್ನು ಇಲ್ಲಿ ಉದಾಹರಣೆಯಾಗಿ ಹೇಳಬಹುದು. ಸ್ವೀಡನ್, ಓಲಾಂಡ್, ಫಿನ್‌ಲೆಂಡ್ ಎಲ್ಲವೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಶೆಂಗೆನ್ ವಲಯದಲ್ಲೇ ಇರುವುದರಿಂದ ಒಂದೇ ಪ್ರವೇಶದ ವೀಸಾ ಇದ್ದ ಭಾವನವರಿಗೂ ತೊಂದರೆಯಾಗಲಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲೇಬೇಕು. ಹೋಗಿ ಬರುವ ಟಿಕೆಟ್ಟಿನಲ್ಲಿ ಎರಡು ರಾತ್ರಿ ಹಡಗಿನಲ್ಲಿ, ನಡುವಿನ ಹಗಲು ಹೆಲ್ಸಿಂಕಿಯಲ್ಲಿ. ಹೋಗುವಾಗಿನ ಸಂಜೆ ನಾವು ಅಂಗಡಿಯಲ್ಲಿ ಏನನ್ನೂ ಕೊಳ್ಳಲಿಲ್ಲ. ಕಪಾಟಿನಿಂದ ಕಪಾಟಿಗೆ ನಡೆದು ಬೆಲೆಗಳನ್ನು ನನ್ನ ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡೆವು. ಹೀಗೆ ಮಾಡುವುದಕ್ಕೆ ಕಾರಣವಿದೆ. ಹೋಗುವಾಗಲೇ ಕೊಂಡ ಬಾಟಲಿಯನ್ನು ಹೆಲ್ಸಿಂಕಿಯಲ್ಲಿ ಇಳಿಸಿದರೆ ಅದು ಫಿನ್‌ಲೆಂಡಿಗೆ ತಂದ ಸರಕಾಗುತ್ತದೆ, ಅಲ್ಲಿನ ಮಿತಿಗೆ ಒಳಪಡುತ್ತದೆ. ಕ್ಯಾಬಿನ್ನಿನಲ್ಲೇ ಬಿಟ್ಟರೆ ಇಡೀ ದಿನ ಅದರ ಚಿಂತೆ. ಭಾವನವರು ಪಟ್ಟಿಯ ಮೇಲೆ ಕಣ್ಣಾಡಿಸಿ, "ಇಲ್ಲೆ ಕುಡಿಯೂದಕ್ಕಿಂತ ಲೆಕ್ಕಾ ಹಾಕೂದ ಹೆಚ್ಚಾತಲ್ರಿ" ಎಂದರು. ಲೆಕ್ಕ ನೋಡಿದ ಮೇಲೆ ಬಾರಿನ ಬೆಲೆಪಟ್ಟಿಯನ್ನು ಅವರೇ ಬದಿಗಿಟ್ಟರು. ಈ ಹಡಗುಗಳ ಟಿಕೆಟ್ಟು, ಅದರಲ್ಲೂ ಚಳಿಗಾಲದ ವಾರದ ನಡುವಿನ ದಿನಗಳಲ್ಲಿ, ಆಶ್ಚರ್ಯವಾಗುವಷ್ಟು ಅಗ್ಗ. ಆ ಅಗ್ಗವನ್ನು ತುಂಬಿಕೊಡುವುದು ಅಂಗಡಿ ಮತ್ತು ಬಾರುಗಳ ವ್ಯಾಪಾರ. ಅಂಗಡಿಯಲ್ಲಿ ಉಳಿಸಿದ್ದನ್ನು ಬಾರಿನಲ್ಲಿ ಮೂರು ಗ್ಲಾಸಿಗೆ ಕೊಟ್ಟು ಬರುವವರೇ ಹೆಚ್ಚು. ಕೊಂಡ ಬಾಟಲಿಯನ್ನು ಹಡಗಿನ ಸಾರ್ವಜನಿಕ ಜಾಗಗಳಲ್ಲಿ ತೆರೆಯುವಂತೆಯೂ ಇಲ್ಲ.

ಮರಳುವ ಸಂಜೆ ಊಟಕ್ಕೆ ಮುಂಚೆಯೇ ಅಂಗಡಿಗೆ ಹೋದೆವು. ಬೆಲೆಚೀಟಿಗಳಲ್ಲಿ ಯೂರೋ, ಕ್ರೋನಾ ಎರಡೂ ಇರುತ್ತವೆ. ಫಿನ್‌ಲೆಂಡಿನ ಗಡಿಯಾರ ಸ್ವೀಡನ್ನಿನದಕ್ಕಿಂತ ಒಂದು ಗಂಟೆ ಮುಂದಿರುವ ಕಾರಣ ಅಂಗಡಿ ಮುಚ್ಚುವ ವೇಳೆ ಯಾವ ದೇಶದ್ದೆಂದು ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಬೆಳಿಗ್ಗೆ ಕೊಂಡರಾಯಿತು ಎಂದು ಕಾಯುವವರು ಸ್ಟಾಕ್‌ಹೋಮ್ ಹತ್ತಿರವಾದಂತೆ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ನಮ್ಮ ಬುಟ್ಟಿಯಲ್ಲಿದ್ದದ್ದು ಇಷ್ಟು: ನನಗೂ ಭಾವನವರಿಗೂ ತಲಾ ಒಂದು ಲೀಟರ್ ಸ್ಕಾಚ್, ಹೆಂಡತಿಯ ಪಾಲಿಗೆ ಅರ್ಧ ಲೀಟರ್ ಕೊಸ್ಕೆನ್‌ಕೊರ್ವಾ ವೋಡ್ಕಾ ಮತ್ತು ಒಂದು ಬೇಲೀಸ್, ಮನೆಗೆ ಮೂರು ಲೀಟರಿನ ವೈನ್ ಪೆಟ್ಟಿಗೆ ಒಂದು.

ಸಿಗರೇಟು ಭಾವನವರ ಗೆಳೆಯರ ಬೇಡಿಕೆ. ತಂಬಾಕಿನ ಮಿತಿ ತಲೆಗೆ 200 ಸಿಗರೇಟು, ಅಥವಾ 50 ಸಿಗಾರ್, ಅಥವಾ 250 ಗ್ರಾಂ ಸೇದುವ ತಂಬಾಕು. ಇಪ್ಪತ್ತರ ಹತ್ತು ಪ್ಯಾಕೆಟ್ ಇರುವ ಒಂದು ಕಾರ್ಟನ್ ಎಂದರೆ ಸರಿಯಾಗಿ ಒಬ್ಬರ ಪಾಲು, ಹಾಗಾಗಿ ಇಲ್ಲಿ ಲೆಕ್ಕದ ಕಷ್ಟವಿಲ್ಲ. ತುಟಿಯ ಒಳಗೆ ಒತ್ತರಿಸಿಕೊಳ್ಳುವ ಸ್ನೂಸ್ ಎಂಬ ತಂಬಾಕನ್ನು, ನಮ್ಮ ಖೈನಿಯ ನೆನಪಿನಲ್ಲಿ, ಭಾವನವರು ಕುತೂಹಲದಿಂದ ವಿಚಾರಿಸಿದರು. ಒಕ್ಕೂಟದಲ್ಲಿ ಅದರ ಮಾರಾಟಕ್ಕೆ ನಿಷೇಧವಿದ್ದು, ಸ್ವೀಡನ್ ಒಂದಕ್ಕೇ ವಿನಾಯಿತಿ. ಊರಿಗೆ ಒಯ್ಯುವ ಪದಾರ್ಥವಲ್ಲವೆಂದು ನಾನೇ ತಡೆದೆ.

ಸ್ಟಾಕ್‌ಹೋಮ್ ಸಮೀಪಿಸಿದ ಬೆಳಿಗ್ಗೆ ಕ್ಯಾಬಿನ್ನಿನ ಹೊರಗಿನ ಓಣಿಯನ್ನೊಮ್ಮೆ ನೋಡಬೇಕು. ಮಡಚುವ ಕೈಗಾಡಿಗಳ ಮೇಲೆ ಬಿಯರ್ ಪೆಟ್ಟಿಗೆಗಳನ್ನು ಪೇರಿಸಿ, ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗದಿಂದ ಅಡ್ಡಡ್ಡ ಬಿಗಿದು, ಅದರ ಮೇಲೆ ವೈನ್ ಪೆಟ್ಟಿಗೆ ಕೂರಿಸಿದ ಹಿರಿಯ ದಂಪತಿಗಳು ಲಿಫ್ಟಿನ ಮುಂದೆ ಮಾತಿಲ್ಲದೆ ನಿಂತಿರುತ್ತಾರೆ. ಲಿಫ್ಟ್ ಬಂದಾಗ ಒಂದು ಗಾಡಿ ಹಿಡಿಸಿದರೆ ಮತ್ತೊಂದು ಹಿಡಿಸುವುದಿಲ್ಲ. ನಾವು ಬೆನ್ನುಚೀಲದೊಂದಿಗೆ ಮೆಟ್ಟಿಲಿಳಿದೆವು. ಮಿತಿಯೊಳಗಿದ್ದವರು ಹಸಿರು ದಾರಿಯಲ್ಲಿ ನೇರವಾಗಿ ನಡೆಯಬಹುದು, ಹೆಚ್ಚಿದ್ದರೆ ಕೆಂಪು ದಾರಿಯಲ್ಲಿ ಹೋಗಿ ತಾವಾಗಿ ಹೇಳಿ ತೆರಿಗೆ ಕಟ್ಟಬೇಕು. ಪ್ರತಿಯೊಬ್ಬರ ಪಾಲನ್ನು ಅವರವರ ಚೀಲದಲ್ಲೇ ಇಟ್ಟು, ರಸೀದಿಯನ್ನೂ ಜೊತೆಗಿಡುವುದು ನಮ್ಮ ಅಭ್ಯಾಸ. ಕೇಳಿದರೆ ಉತ್ತರ ಸಿದ್ಧವಿರುತ್ತದೆ. ಕಚೇರಿಯ ಗೆಳೆಯರು ದುಡ್ಡು ಕೊಟ್ಟು "ನಮಗೂ ಒಂದು ತನ್ನಿ" ಎಂದರೆ ನಾನು ಒಪ್ಪುವುದಿಲ್ಲ. ವಿನಾಯಿತಿ ಇರುವುದು ಸ್ವಂತ ಬಳಕೆಗೆ, ಮನೆಯವರಿಗೆ, ಉಡುಗೊರೆಗೆ. ಹಣ ಪಡೆದು ತಂದುಕೊಡುವುದು ಅದರೊಳಗೆ ಬರುವುದಿಲ್ಲ.

ಭಾವನವರು ಬೆಂಗಳೂರಿಗೆ ಮರಳಿದಾಗ ಅನ್ವಯಿಸಿದ್ದು ಭಾರತದ 2016ರ ಬ್ಯಾಗೇಜ್ ನಿಯಮಗಳು: ತಲೆಗೆ ಮದ್ಯ ಎರಡು ಲೀಟರ್, ಸಿಗರೇಟು 100. ನಾನು ನನ್ನ ಪಾಲಿನ ಸ್ಕಾಚ್ ಬಾಟಲಿಯನ್ನು ಅವರಿಗೇ ಉಡುಗೊರೆಯಾಗಿ ಕೊಟ್ಟಿದ್ದರಿಂದ ಎರಡು ಲೀಟರ್ ಸರಿಹೋಯಿತು. ಹಡಗಿನಲ್ಲಿ ಕೊಂಡ ಬಾಟಲಿಗೆ ವಿಮಾನ ನಿಲ್ದಾಣದ ಅಂಗಡಿಯವರು ಕೊಡುವ ಮೊಹರಿನ ಚೀಲ ಇರುವುದಿಲ್ಲ, 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿ ಒಯ್ಯಬಾರದೆಂಬ ನಿಯಮದಿಂದಾಗಿ ಕೈಚೀಲದಲ್ಲಿ ಬಿಡುತ್ತಲೂ ಇರಲಿಲ್ಲ; ಅದು ಚೆಕ್-ಇನ್ ಪೆಟ್ಟಿಗೆಯಲ್ಲೇ ಹೋಗಬೇಕಿತ್ತು. 24ರಿಂದ 70 ಪ್ರತಿಶತದ ಮದ್ಯವನ್ನು ಅಂಗಡಿಯ ಮುದ್ರೆ ಒಡೆಯದ ಬಾಟಲಿಗಳಲ್ಲಿ ಒಬ್ಬರು ಐದು ಲೀಟರಿನವರೆಗೆ ಹಾಗೆ ಒಯ್ಯಲು ವಿಮಾನದ ನಿಯಮ ಒಪ್ಪುತ್ತದೆ, 70 ಮೀರಿದ್ದನ್ನು ಒಪ್ಪುವುದಿಲ್ಲ. ಮುಚ್ಚಳದ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದು, ಬಾಟಲಿಯನ್ನು ಒಂದು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಸ್ವೆಟರಿನಲ್ಲಿ ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಮಲಗಿಸಿದೆವು. ಎರಡು ಬಾಟಲಿಗಳು ಒಂದಕ್ಕೊಂದು ತಾಗದಂತೆ ನಡುವೆ ಟವೆಲ್ ತುರುಕಿದೆವು.

ಸಿಗರೇಟಿನಲ್ಲಿ ಮಾತ್ರ ಹಡಗಿನ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ. ಒಂದು ಕಾರ್ಟನ್ ಎಂದರೆ 200, ಭಾರತದ ಮಿತಿ ಅದರ ಅರ್ಧ. ಭಾವನವರು ಐದು ಪ್ಯಾಕೆಟ್ ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು. ಉಳಿದ ಐದನ್ನು, ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಊರಿಗೆ ಹೋಗುವಾಗ ತನ್ನ ಪಾಲಿನಲ್ಲಿ ಒಯ್ದು ಅಣ್ಣನಿಗೆ ಕೊಟ್ಟಳು. ಗೆಳೆಯರಲ್ಲಿ ಒಬ್ಬರು ಇ-ಸಿಗರೇಟನ್ನೂ ಕೇಳಿದ್ದರಂತೆ. 2019ರ ಕಾಯ್ದೆಯ ಪ್ರಕಾರ ಅದನ್ನು ಭಾರತಕ್ಕೆ ತರುವುದೇ ನಿಷಿದ್ಧವಾದ್ದರಿಂದ, ಭಾವನವರು ಆ ಗೆಳೆಯರಿಗೆ ಹಡಗಿನಿಂದಲೇ ಫೋನು ಮಾಡಿ ಆಗುವುದಿಲ್ಲವೆಂದು ತಿಳಿಸಿದರು.