ನರ್ಸ್ ಕೆಲಸಕ್ಕೆ ಹೂಂ ಅನ್ನುವ ಮುಂಚೆ ರೋಸ್ಟರ್ ಲೆಕ್ಕ ಹಾಕಿ

ನರ್ಸಿಂಗ್ ಮುಗಿಸಿದರೆ ಕೆಲಸ ಸಿಗುತ್ತದಾ ಅಂತ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳು ಕಡಿಮೆ ಇದ್ದರು. ನಿಮಗೆ ಕೆಲಸ ಕೊಡಿಸುವುದು ಈ ಕೊರತೆಯೇ. ಆದರೆ ಸೇರಿದ ವಾರ್ಡಿನಲ್ಲೂ ಅದೇ ಕಾದು ಕೂತಿರುತ್ತದೆ, ಅಲ್ವಾ?

ಮೊದಲ ಕೆಲಸಕ್ಕೆ ಸೇರುವಾಗ ನಾನು ಸಂಬಳ ಬಿಟ್ಟು ಬೇರೇನೂ ಕೇಳಲಿಲ್ಲ. ಎರಡನೇ ವಾರಕ್ಕೇ ನೈಟ್ ಡ್ಯೂಟಿ ಬಿತ್ತು. 22 ರೋಗಿಗಳು, ನಾನೊಬ್ಬಳೇ. ಒಬ್ಬರಿಗೆ ವಾಂತಿ ಶುರುವಾಗಿ ಅಲ್ಲೇ ನಿಂತಿದ್ದೆ. ವಾಪಸ್ ಬರುವಷ್ಟರಲ್ಲಿ ಮೂಲೆಯ ಬೆಡ್‌ನ ಅಜ್ಜಿಯ ಡ್ರಿಪ್ ಖಾಲಿಯಾಗಿ, ಟ್ಯೂಬಿನಲ್ಲಿ ರಕ್ತ ಒಂದು ಗೇಣು ಮೇಲೇರಿತ್ತು. ಅಜ್ಜಿ ಎಚ್ಚರವಾಗಿಯೇ ಇದ್ದರು. "ಕರೆಯೋಣ ಅಂದ್ಕೊಂಡೆ, ನೀನು ಓಡಾಡ್ತಾನೇ ಇದ್ದೆಯಲ್ಲ ಮಗಾ" ಅಂದರು.

ಹಾಗಾಗಿ ಇಂಟರ್‌ವ್ಯೂನಲ್ಲಿ "ವಾರ್ಡಿಗೆ ಒಟ್ಟು ಎಷ್ಟು ಸ್ಟಾಫ್?" ಅಂತ ಕೇಳಿ ಸುಮ್ಮನಾಗಬೇಡಿ. ಎಂಟು ಜನ ಅಂದರೆ ಜಾಸ್ತಿ ಅನ್ನಿಸುತ್ತದೆ. ಬೆರಳೆಣಿಸಿ ನೋಡಿ. ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ 21. ಒಬ್ಬರು ಮಾಡುವುದು ಆರು. ಅಂದರೆ ಒಂದು ಜಾಗ ಹಗಲೂ ರಾತ್ರಿ ತುಂಬಿರಲು ಮೂರೂವರೆ ಜನ ಬೇಕು. ಎಂಟರಲ್ಲಿ ಇನ್‌ಚಾರ್ಜ್ ಸಿಸ್ಟರ್ ಬರೀ ಹಗಲು ಡ್ಯೂಟಿಯಲ್ಲಿದ್ದರೆ ಉಳಿದವರು ಏಳು. ಶಿಫ್ಟಿಗೆ ಸರಿಯಾಗಿ ಇಬ್ಬರು. ಅದೂ ಯಾರಿಗೂ ಜ್ವರ ಬರದಿದ್ದರೆ!

ಕೇಳಬೇಕಾದ್ದು: "ನೈಟ್‌ನಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು?" ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಇದೆ. ಐಸಿಯುನಲ್ಲಿ ಇಬ್ಬರಿಗೆ ಒಬ್ಬರು, ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಐವರಿಗೆ ಒಬ್ಬರು. ಎಲ್ಲ ಕಡೆ ಅಷ್ಟು ಸಿಗುವುದಿಲ್ಲ. ಆದರೂ ಆ ಅಳತೆ ತಲೆಯಲ್ಲಿರಲಿ.

ಸಾಧ್ಯವಾದರೆ ಹ್ಯಾಂಡೋವರ್ ಹೊತ್ತಿಗೆ, ಅಂದರೆ ಒಂದು ಶಿಫ್ಟಿನವರು ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವಾಗ, ವಾರ್ಡ್ ನೋಡಲು ಬಿಡಿ ಅನ್ನಿ. ಗೋಡೆಗೆ ಅಂಟಿಸಿದ ರೋಸ್ಟರ್, ಅಂದರೆ ಯಾರಿಗೆ ಯಾವ ಶಿಫ್ಟ್ ಅನ್ನುವ ಪಟ್ಟಿಯ ಮೇಲೆ ಕಣ್ಣಾಡಿಸಿ. ಎಲ್ಲೆಲ್ಲೂ ವೈಟ್ನರ್ ಬಳಿದು ಮತ್ತೆ ಬರೆದಿದ್ದರೆ, ಒಂದೇ ಹೆಸರಿನ ಮುಂದೆ ಡಬಲ್ ಡ್ಯೂಟಿ ಮೇಲೆ ಡಬಲ್ ಡ್ಯೂಟಿ ಇದ್ದರೆ, ಬೇರೆ ಯಾರೂ ಏನೂ ಹೇಳಬೇಕಿಲ್ಲ. ಡ್ಯೂಟಿ ಮುಗಿದವರು ಮನೆಗೆ ಹೊರಟಿದ್ದಾರಾ, ಇನ್ನೂ ಫೈಲ್ ಬರೆಯುತ್ತಾ ಕೂತಿದ್ದಾರಾ ಅಂತಲೂ ಗಮನಿಸಿ. ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇದನ್ನೇ.

ಹೊಸಬರಾದರೆ, ಒಂಟಿಯಾಗಿ ರೋಗಿಗಳನ್ನು ಒಪ್ಪಿಸುವ ಮೊದಲು ಎಷ್ಟು ವಾರ ಸೀನಿಯರ್ ಜೊತೆ ಹಾಕುತ್ತಾರೆ ಅಂತ ಕೇಳಿ. ಇಷ್ಟು ಸಮಯ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇದ್ದರೆ ಮನೆಗೆ ತಂದು ಓದಿ, ಆಮೇಲೆ ಸಹಿ ಹಾಕಿ.

ಕೊನೆಗೊಂದು ಪ್ರಶ್ನೆ ಉಳಿಸಿಕೊಳ್ಳಿ: "ರಾತ್ರಿ ಒಬ್ಬರು ಬರದಿದ್ದರೆ ಯಾರನ್ನು ಕರೆಸುತ್ತೀರಿ?" ಬೇರೆ ವಾರ್ಡಿನಿಂದ ಕಳಿಸುತ್ತೇವೆ, ಆನ್-ಕಾಲ್ ಪಟ್ಟಿ ಇದೆ ಅಂದರೆ ಒಳ್ಳೆಯದು. "ಹೇಗೋ ಅಡ್ಜಸ್ಟ್ ಮಾಡ್ಕೋತೀವಮ್ಮ" ಅಂದರೆ, ಅಡ್ಜಸ್ಟ್ ಆಗಬೇಕಾದವರು ನೀವೇ.