ಸುರಕ್ಷತಾ ನಿಯಮ ಮುರಿದ ಮಾಲೀಕರ ಮೇಲೆ ಕ್ರಮ: ನೋಟಿಸಿನಿಂದ ಜೈಲಿನವರೆಗೆ

ಅವಘಡವಾದ ಮೇಲಷ್ಟೇ ಕಾನೂನು ಮಾಲೀಕರ ಬೆನ್ನು ಹತ್ತುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬಹಳಷ್ಟು ದೇಶಗಳ ಸುರಕ್ಷತಾ ಕಾನೂನುಗಳಲ್ಲಿ ಅಪಾಯಕ್ಕೆ ಎಡೆಮಾಡಿಕೊಟ್ಟದ್ದೇ ಅಪರಾಧ, ಯಾರಿಗಾದರೂ ಗಾಯವಾಗಿರಲೇಬೇಕೆಂದಿಲ್ಲ.

ಮೊದಲ ಹೆಜ್ಜೆ ಲಿಖಿತ ದೂರು. ಯಾವ ಯಂತ್ರ, ಏನು ದೋಷ, ಯಾವ ದಿನ ಯಾರಿಗೆ ತಿಳಿಸಲಾಯಿತು, ಅವರು ಏನೆಂದರು ಎಂಬುದನ್ನು ಬರೆದು, ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಮಾಲೀಕರಿಗೆ ಅಪಾಯ ಮೊದಲೇ ಗೊತ್ತಿತ್ತು ಎಂದು ತೋರಿಸಲು ಮುಂದೆ ಇದೇ ಕಾಗದ ಆಧಾರವಾಗುತ್ತದೆ. ತಪಾಸಣೆಗೆ ಬರುವ ಅಧಿಕಾರಿಯ ಕಣ್ಣು ಸಣ್ಣ ಸಂಗತಿಗಳ ಮೇಲಿರುತ್ತದೆ. ಪ್ರೆಸ್ ಯಂತ್ರದ ಗಾರ್ಡ್ ತೆರೆದೊಡನೆ ಯಂತ್ರವನ್ನು ನಿಲ್ಲಿಸಬೇಕಾದ ಸ್ವಿಚ್ಚಿಗೆ ಟೇಪು ಸುತ್ತಿದ್ದರೆ, ಉತ್ಪಾದನೆಯ ವೇಗಕ್ಕಾಗಿ ರಕ್ಷಣೆಯನ್ನು ಬೇಕೆಂದೇ ತಪ್ಪಿಸಲಾಗಿದೆ ಎಂಬ ಅನುಮಾನ ಬಲಗೊಳ್ಳುತ್ತದೆ. ಆರು ತಿಂಗಳ ತಪಾಸಣಾ ಪುಸ್ತಕದಲ್ಲಿ ಎಲ್ಲ ಸಹಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ಆ ಪುಸ್ತಕ ಮಾಲೀಕರಿಗೇ ಮುಳುವಾಗುತ್ತದೆ.

ದೋಷ ಕಂಡುಬಂದರೆ ಸಾಮಾನ್ಯವಾಗಿ ನೋಟಿಸ್ ಬರುತ್ತದೆ. ಬ್ರಿಟನ್ನಿನ 1974ರ ಕಾಯ್ದೆಯಲ್ಲಿ ಇದು ಎರಡು ಬಗೆ: ಗಡುವಿನೊಳಗೆ ಸರಿಪಡಿಸುವಂತೆ ಹೇಳುವುದು ಒಂದು, ಗಂಭೀರ ಅಪಾಯವಿದ್ದಲ್ಲಿ ಆ ಕೆಲಸವನ್ನೇ ನಿಲ್ಲಿಸುವುದು ಇನ್ನೊಂದು. ಮೇಲ್ಮನವಿ ಸಲ್ಲಿಸಿದರೆ ಮೊದಲನೆಯದು ತಾತ್ಕಾಲಿಕವಾಗಿ ಅಮಾನತಿನಲ್ಲಿರುತ್ತದೆ; ಎರಡನೆಯದಕ್ಕೆ ನ್ಯಾಯಮಂಡಳಿ ಪ್ರತ್ಯೇಕವಾಗಿ ತಡೆ ನೀಡದ ಹೊರತು ಕೆಲಸ ನಿಂತೇ ಇರಬೇಕು. ಅನೇಕ ಉದ್ಯಮಗಳಿಗೆ ದಂಡಕ್ಕಿಂತ ಈ ನಿಲುಗಡೆಯೇ ದುಬಾರಿ. ನೋಟಿಸನ್ನು ಕಡೆಗಣಿಸುವುದು ಮತ್ತೊಂದು ಅಪರಾಧ.

ಪ್ರಕರಣ ನ್ಯಾಯಾಲಯಕ್ಕೆ ಹೋದಾಗ 'ನಮ್ಮಿಂದ ಸಾಧ್ಯವಿದ್ದಷ್ಟು ಮಾಡಿದ್ದೆವು' ಎಂಬುದು ಮಾಲೀಕರ ಎಂದಿನ ವಾದ. ಇಂಗ್ಲೆಂಡಿನ ನ್ಯಾಯಾಲಯವೊಂದು 1949ರ ಕಲ್ಲಿದ್ದಲು ಗಣಿ ಪ್ರಕರಣದಲ್ಲಿ ಇದಕ್ಕೆ ಅಳತೆಗೋಲು ಕೊಟ್ಟಿತು: ಅಪಾಯಕ್ಕೆ ಹೋಲಿಸಿದರೆ ಅದನ್ನು ತಪ್ಪಿಸುವ ವೆಚ್ಚ ಮತ್ತು ಶ್ರಮ ತೀರಾ ವಿಪರೀತವಾಗಿದ್ದರೆ ಮಾತ್ರ ಆ ವಾದ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಅದನ್ನು ಸಾಬೀತುಪಡಿಸುವ ಹೊಣೆಯೂ ಮಾಲೀಕರದೇ.

ಶಿಕ್ಷೆಯ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1970ರ ಕಾಯ್ದೆಯಡಿ ಉದ್ದೇಶಪೂರ್ವಕ ಉಲ್ಲಂಘನೆಯಿಂದ ನೌಕರ ಸತ್ತರೂ ಮೊದಲ ಅಪರಾಧಕ್ಕೆ ಗರಿಷ್ಠ ಸೆರೆವಾಸ ಆರು ತಿಂಗಳು. ಒಂದು ಜೀವದ ಎದುರು ಇದು ತೀರಾ ಕಡಿಮೆಯೆಂದೇ ಹೇಳಬೇಕು. ಬ್ರಿಟನ್ನಿನ 2007ರ ಕಾಯ್ದೆ ಆಡಳಿತದ ಘೋರ ವೈಫಲ್ಯದಿಂದಾದ ಸಾವಿಗೆ ಕಂಪನಿಯನ್ನೇ ಅಪರಾಧಿಯಾಗಿಸುತ್ತದೆ, ದಂಡಕ್ಕೆ ಮಿತಿಯಿಲ್ಲ. ಆದರೆ ಕಂಪನಿಯನ್ನು ಜೈಲಿಗೆ ಕಳುಹಿಸಲಾಗದು. ನಿರ್ದೇಶಕರ ಸಮ್ಮತಿ, ಜಾಣಕುರುಡು ಅಥವಾ ನಿರ್ಲಕ್ಷ್ಯದಿಂದ ಅಪರಾಧ ನಡೆದಿದ್ದರೆ ಅವರನ್ನು ವೈಯಕ್ತಿಕವಾಗಿ ಹಿಡಿಯುವುದು 1974ರ ಕಾಯ್ದೆಯೇ.

ಗಾಯಾಳುವಿಗೆ ಸಿಗುವ ಪರಿಹಾರ ಬೇರೆಯೇ ದಾರಿ. ಜರ್ಮನಿ 1884ರಲ್ಲಿ ಆರಂಭಿಸಿದ ಅಪಘಾತ ವಿಮೆಯಂಥ ವ್ಯವಸ್ಥೆಗಳಲ್ಲಿ ಮಾಲೀಕರ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲ, ಕೆಲಸದಿಂದಲೇ ಗಾಯವಾಯಿತೆಂದು ತೋರಿಸಿದರೆ ಸಾಕು. ಹಾಗಾಗಿ ಕ್ರಿಮಿನಲ್ ಪ್ರಕರಣ ಬಿದ್ದುಹೋದರೂ ಪರಿಹಾರದ ಹಕ್ಕು ತಾನಾಗಿಯೇ ಬೀಳುವುದಿಲ್ಲ. ಆಸ್ಪತ್ರೆಯ ಹಾಸಿಗೆಯ ಬಳಿಗೆ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಒಕ್ಕಣೆಯ ಪತ್ರ ಬಂದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯುವುದು ಅನೇಕ ಕಡೆ ಸ್ವತಂತ್ರ ಉಲ್ಲಂಘನೆ. ಆದರೆ ಅದರ ವಿರುದ್ಧ ಹೋಗಲು ಕಾಲಾವಕಾಶ ಬಹಳ ಕಡಿಮೆ ಇರಬಹುದು. ಅಮೆರಿಕದ ಮೇಲಿನ ಕಾಯ್ದೆಯಲ್ಲಿ ಅದು ಕೇವಲ 30 ದಿನ. ಆದ್ದರಿಂದ ವಜಾ ಪತ್ರ ಕೈಸೇರಿದ ದಿನವೇ ತಮ್ಮಲ್ಲಿನ ಗಡುವು ಎಷ್ಟೆಂದು ವಿಚಾರಿಸಿಕೊಳ್ಳಬೇಕು.